ಹೈಸ್ಕೂಲ್ ಮಕ್ಕಳ ವಿದೇಶಿ ಎಕ್ಸ್‌ಚೇಂಜ್ ಮತ್ತು ಎಕ್ಸ್‌ಪೆಡಿಶನ್: ಶುರುವಿಂದ ಕೊನೆವರೆಗೂ ಒಂದು ಸಮಗ್ರ ಮಾರ್ಗದರ್ಶಿ

ಯಾರೋ ಒಬ್ರು ಟೀಚರ್ ಸ್ಟಾಫ್ ರೂಮಲ್ಲಿ "ನಮ್ಮ ಮಕ್ಕಳನ್ನೂ ಒಂದ್ಸಲ ಹೊರದೇಶಕ್ಕೆ ಕರ್ಕೊಂಡು ಹೋಗೋಣ" ಅಂತಾರೆ, ಎಲ್ರಿಗೂ ಖುಷಿ ಆಗುತ್ತೆ, ಮಾರನೇ ದಿನಾನೇ ಟ್ರಾವೆಲ್ ಏಜೆಂಟ್‌ಗೆ ಫೋನ್ ಹೋಗುತ್ತೆ. ದಯವಿಟ್ಟು ಆ ಫೋನ್ ಈಗ್ಲೇ ಮಾಡ್ಬೇಡಿ. ಟಿಕೆಟ್ ಅನ್ನೋದು ಈ ಕೆಲಸದಲ್ಲಿ ತುಂಬಾ ಆಮೇಲೆ ಬರೋ ವಿಷಯ. ಅದಕ್ಕಿಂತ ಮುಂಚೆ ಒಂದು ವರ್ಷದಷ್ಟು ಕೆಲಸ ಇದೆ, ಆ ಕೆಲಸದ ದೊಡ್ಡ ಭಾಗ ಮಕ್ಕಳ ಕೈಲೇ ಆಗ್ಬೇಕು. ನಾನು ಇಲ್ಲಿ ಬರೀತಿರೋದರ ಸಾರ ಇಷ್ಟೇ: ಮಕ್ಕಳು ತಾವೇ ಪ್ಲಾನ್ ಮಾಡಿ, ತಾವೇ ಲೆಕ್ಕ ಹಾಕಿ, ತಾವೇ ಪ್ರ್ಯಾಕ್ಟೀಸ್ ಮಾಡಿ ಹೋದ ಪ್ರಯಾಣ ಅವರ ಜೊತೆ ಉಳಿಯುತ್ತೆ, ದೊಡ್ಡೋರು ಎಲ್ಲಾ ರೆಡಿ ಮಾಡಿ ಕೈಗಿಟ್ಟಿದ್ದು ಫೋಟೋ ಆಲ್ಬಮ್ಮಲ್ಲಿ ಉಳಿಯುತ್ತೆ. 13ರಿಂದ 18ರ ವಯಸ್ಸಿನ ಮಕ್ಕಳನ್ನ ಕಳಿಸ್ಬೇಕು ಅಂತಿರೋ ಟೀಚರ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಇದನ್ನ ಬರೀತಿದ್ದೀನಿ.

ಹಂತ 1: ಎಕ್ಸ್‌ಚೇಂಜಾ, ಎಕ್ಸ್‌ಪೆಡಿಶನ್ನಾ?

ಇವೆರಡನ್ನೂ ಜನ ಒಂದೇ ಉಸಿರಲ್ಲಿ ಹೇಳ್ತಾರೆ, ಆದ್ರೆ ಎರಡರ ಸ್ವಭಾವಾನೇ ಬೇರೆ. ಎಕ್ಸ್‌ಚೇಂಜ್ ಅಂದ್ರೆ ಬೇರೆಯವರ ಮನೇಲಿದ್ದು, ಅವರ ಸ್ಕೂಲಿಗೆ ಹೋಗಿ, ಅವರ ದಿನಚರಿಗೆ ಹೊಂದ್ಕೊಂಡು ಬದುಕೋದು, ಆಮೇಲೆ ಅವರ ಮಕ್ಕಳು ನಿಮ್ಮಲ್ಲಿಗೆ ಬರೋದು. ಡೊನಾಲ್ಡ್ ವಾಟ್ 1932ರಲ್ಲಿ ಶುರು ಮಾಡಿದ 'ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಶನಲ್ ಲಿವಿಂಗ್' ಅನ್ನೋ ಸಂಸ್ಥೆ ಈ ದಾರೀಲಿ ಮೊದಮೊದಲಿಗೆ ಬಂದಿದ್ದು. ಎಎಫ್ಎಸ್ ಕಥೆ ನಂಗೆ ತುಂಬಾ ಇಷ್ಟ: 1915ರಲ್ಲಿ ಯುದ್ಧಭೂಮೀಲಿ ಗಾಯಾಳುಗಳನ್ನ ಸಾಗಿಸ್ತಿದ್ದ ಅಮೆರಿಕದ ಆಂಬ್ಯುಲೆನ್ಸ್ ಡ್ರೈವರ್‌ಗಳ ಸಂಸ್ಥೆ ಅದು, ಎರಡು ಮಹಾಯುದ್ಧ ಕಂಡ ಮೇಲೆ 1947ರಿಂದ ಹೈಸ್ಕೂಲ್ ಮಕ್ಕಳ ವಿನಿಮಯಕ್ಕೆ ತಿರುಗ್ತು. ರೋಟರಿ ಯೂತ್ ಎಕ್ಸ್‌ಚೇಂಜಲ್ಲಿ ಕೆಲವು ವಾರಗಳದ್ದೂ ಇದೆ, ಪೂರ್ತಿ ಶೈಕ್ಷಣಿಕ ವರ್ಷದ್ದೂ ಇದೆ. ಇನ್ನು ರೌಂಡ್ ಸ್ಕ್ವೇರ್ ಅನ್ನೋದು 1966ರಲ್ಲಿ ಶುರುವಾದ ಶಾಲೆಗಳ ಜಾಲ, ಅಲ್ಲಿ ಸದಸ್ಯ ಶಾಲೆಗಳು ನೇರವಾಗಿ ಮಕ್ಕಳನ್ನ ಬದಲಾಯಿಸ್ಕೊಳ್ತವೆ.

ಎಕ್ಸ್‌ಪೆಡಿಶನ್ ಅಂದ್ರೆ ಒಂದು ಸಣ್ಣ ತಂಡ ತನ್ನ ಸಾಮಾನು ತಾನೇ ಹೊತ್ಕೊಂಡು, ತಾನೇ ಅಡುಗೆ ಮಾಡ್ಕೊಂಡು, ಬೆಟ್ಟಾನೋ ಕಾಡೋ ನದಿಯೋ ದಾಟಿ ಒಂದು ಗುರಿ ಮುಟ್ಟೋದು. ಈ ಪರಂಪರೆ ಹಿಂದೆ ಇರೋ ದೊಡ್ಡ ಹೆಸರು ಜರ್ಮನಿಯಲ್ಲಿ ಹುಟ್ಟಿದ ಶಿಕ್ಷಣತಜ್ಞ ಕುರ್ಟ್ ಹಾನ್. 1941ರಲ್ಲಿ ವೇಲ್ಸ್‌ನ ಅಬರ್ಡೊವಿಯಲ್ಲಿ ಶುರುವಾದ ಔಟ್‌ವರ್ಡ್ ಬೌಂಡ್ ಅನ್ನೋ ಹೊರಾಂಗಣ ತರಬೇತಿ ಶಾಲೆ, ಬ್ರಿಟನ್ನಿನ ಯುವಜನರಿಗಾಗಿ ಶುರುವಾದ 1956ರ ಡ್ಯೂಕ್ ಆಫ್ ಎಡಿನ್‌ಬರ ಅವಾರ್ಡ್ ಕಾರ್ಯಕ್ರಮ, ಎರಡಕ್ಕೂ ಅವರ ಯೋಚನೆಯೇ ಬೇರು.

ಆಯ್ಕೆ ಹೇಗೆ ಮಾಡೋದು ಅಂದ್ರೆ ಮಕ್ಕಳನ್ನೇ ಕೂರಿಸ್ಕೊಂಡು ಕೇಳಿ, "ವಾಪಸ್ ಬಂದ ಮೇಲೆ ನಿಮಗೆ ಏನು ಮಾಡೋಕೆ ಬರ್ಬೇಕು?" ಅಂತ. ಒಂದು ಭಾಷೆ ಮಾತಾಡೋಕೆ ಬರ್ಬೇಕು, ಬೇರೆ ಥರದ ಜನರ ಜೊತೆ ಬಾಳೋಕೆ ಬರ್ಬೇಕು ಅಂದ್ರೆ ಎಕ್ಸ್‌ಚೇಂಜ್. ಕಷ್ಟದಲ್ಲಿ ತಂಡ ಕಟ್ಟೋಕೆ ಬರ್ಬೇಕು, ಪ್ರಕೃತಿ ಓದೋಕೆ ಬರ್ಬೇಕು ಅಂದ್ರೆ ಎಕ್ಸ್‌ಪೆಡಿಶನ್. ಎರಡನ್ನೂ ಒಂದೇ ಟ್ರಿಪ್ಪಲ್ಲಿ ತುರುಕೋದು ನಂಗೆ ಸರಿ ಕಾಣಲ್ಲ, ಎರಡೂ ಅರ್ಧಂಬರ್ಧ ಆಗುತ್ತೆ. ವಯಸ್ಸೂ ನೋಡಿ. 13-14ರ ಮಕ್ಕಳಿಗೆ ಟೀಚರ್ ಜೊತೆ ಗುಂಪಲ್ಲಿ ಹೋಗೋ ಒಂದೆರಡು ವಾರದ ವಿನಿಮಯ ಸಾಕು. ಒಂಟಿಯಾಗಿ ಇಡೀ ವರ್ಷ ಇರೋದೆಲ್ಲ 15 ದಾಟಿದ ಮೇಲೆ. ಅಮೆರಿಕದ ಜೆ-1 ಅನ್ನೋ ವಿನಿಮಯ ವೀಸಾದ ಹೈಸ್ಕೂಲ್ ವಿಭಾಗದಲ್ಲಂತೂ ವಯಸ್ಸು 15ರಿಂದ 18 ವರ್ಷ 6 ತಿಂಗಳ ಒಳಗೆ ಇರ್ಲೇಬೇಕು ಅಂತ ನಿಯಮಾನೇ ಇದೆ.

ಹಂತ 2: ಆ ಕಡೆಯವರನ್ನ ಹುಡುಕಿ, ಮೊದಲು ಸ್ಕ್ರೀನಲ್ಲೇ ಪರಿಚಯ ಆಗ್ಲಿ

ಎಕ್ಸ್‌ಚೇಂಜ್ ಆದ್ರೆ ಪಾರ್ಟ್‌ನರ್ ಸ್ಕೂಲೇ ಎಲ್ಲಾ. 1988ರಿಂದ ಇರೋ ಐಅರ್ನ್, ಯೂರೋಪಿನ ಶಾಲೆಗಳಿಗೆ 2005ರಲ್ಲಿ ಶುರುವಾದ ಇ-ಟ್ವಿನ್ನಿಂಗ್, ಇಂಥ ಜಾಲಗಳಲ್ಲಿ ಬೇರೆ ದೇಶದ ಕ್ಲಾಸ್ ಜೊತೆ ಆನ್‌ಲೈನ್ ಪ್ರಾಜೆಕ್ಟ್ ಮಾಡ್ಬಹುದು. ಒಂದು ಟರ್ಮ್ ಪೂರ್ತಿ ಹಂಗೆ ಒಟ್ಟಿಗೆ ಕೆಲಸ ಮಾಡಿ, ಆಮೇಲೆ ಪ್ರಯಾಣದ ಮಾತೆತ್ತಿ. ಆ ಕಡೆ ಟೀಚರ್ ಮೇಲ್‌ಗೆ ಎಷ್ಟು ದಿನಕ್ಕೆ ಉತ್ತರ ಕೊಡ್ತಾರೆ, ಒಪ್ಕೊಂಡಿದ್ದು ಮಾಡ್ತಾರಾ, ಅವರ ಹೆಡ್‌ಮಾಸ್ಟರ್‌ಗೆ ಇದ್ರಲ್ಲಿ ಆಸಕ್ತಿ ಇದೆಯಾ, ಇದೆಲ್ಲಾ ಈ ಟರ್ಮಲ್ಲೇ ಗೊತ್ತಾಗಿಬಿಡುತ್ತೆ. ಟೈಮ್ ವ್ಯತ್ಯಾಸ ಜಾಸ್ತಿ ಇದ್ರೆ ಲೈವ್ ಕಾಲ್ ಹಠ ಬಿಟ್ಟು ವಿಡಿಯೋ ರೆಕಾರ್ಡ್ ಮಾಡಿ ಕಳಿಸ್ಕೊಳ್ಳಿ.

ಎರಡೂ ಸ್ಕೂಲು ಸೇರಿ ಒಂದು ಒಪ್ಪಂದ ಬರ್ಕೊಳ್ಳಿ. ತಾರೀಖು, ಮಕ್ಕಳ ಸಂಖ್ಯೆ, ಯಾವ ಖರ್ಚು ಯಾರದ್ದು, ಮನೆಗಳನ್ನ ಯಾರು ಹೇಗೆ ಪರಿಶೀಲನೆ ಮಾಡ್ತಾರೆ, ಮಗು ಮಧ್ಯದಲ್ಲೇ ವಾಪಸ್ ಬರ್ಬೇಕಾದ್ರೆ ಏನು, ಕೊನೇ ಗಳಿಗೇಲಿ ರದ್ದಾದ್ರೆ ಏನು, ಎಲ್ಲಾ ಅದ್ರಲ್ಲಿರ್ಲಿ. ಸ್ನೇಹ ಇದೆ ಅಂತ ಬಾಯಿಮಾತಲ್ಲಿ ಬಿಟ್ರೆ ಆ ಸ್ನೇಹಕ್ಕೇ ಕುತ್ತು.

ಎಕ್ಸ್‌ಪೆಡಿಶನ್ನಿಗೆ ಸಾಮಾನ್ಯವಾಗಿ ಕಂಪನಿ ಅಥವಾ ಸಂಸ್ಥೆಯ ಮೂಲಕ ಹೋಗ್ತೀರಿ. ಬ್ರೋಷರ್ ಪಕ್ಕಕ್ಕಿಟ್ಟು ಪ್ರಶ್ನೆ ಕೇಳಿ. ಲೀಡರ್ ಯಾರು, ಆ ಭೂಪ್ರದೇಶಕ್ಕೆ ತಕ್ಕ ಅರ್ಹತೆ ಇದೆಯಾ, ಫಸ್ಟ್ ಏಡ್ ಟ್ರೈನಿಂಗ್ ಯಾವ ಮಟ್ಟದ್ದು, ಸ್ಥಳೀಯ ವಾಹನ ಚಾಲಕರನ್ನ ಯಾರು ಆರಿಸ್ತಾರೆ. ಸಾಹಸ ಪ್ರವಾಸಗಳ ಸುರಕ್ಷತೆಗೆ ಬ್ರಿಟನ್ನಿನ ಬಿಎಸ್ 8848 ಅನ್ನೋ ಮಾನದಂಡ ಇದೆ, ಯುವಜನರ ಮತ್ತು ಶಾಲಾ ಪ್ರವಾಸಗಳ ರಿಸ್ಕ್ ನಿರ್ವಹಣೆಗೇ ಅಂತ 2024ರಲ್ಲಿ ಐಎಸ್‌ಒ 31031 ಬಂದಿದೆ. ಇವುಗಳನ್ನ ನೀವು ಹೇಗೆ ಪಾಲಿಸ್ತೀರಿ ಅಂತ ಕೇಳಿದ್ರೆ ತಯಾರಿ ಇರೋರು ಪಟಪಟ ಅಂತ ದಾಖಲೆ ತೋರಿಸ್ತಾರೆ. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ 1993ರ ಮಾರ್ಚಲ್ಲಿ ಇಂಗ್ಲೆಂಡಿನ ಲೈಮ್ ಬೇಯಲ್ಲಿ ಕಯಾಕಿಂಗಿಗೆ ಹೋದ 4 ಜನ ಹದಿಹರೆಯದ ಮಕ್ಕಳು ತೀರ್ಕೊಂಡ್ರು, ಕರ್ಕೊಂಡು ಹೋದೋರಿಗೆ ಸಮುದ್ರಕ್ಕೆ ಬೇಕಾದ ಅನುಭವ, ಅರ್ಹತೆ ಇರ್ಲಿಲ್ಲ. ಆ ದುರಂತದ ನಂತರವೇ ಅಲ್ಲಿ 1995ರಲ್ಲಿ ಸಾಹಸ ಕೇಂದ್ರಗಳಿಗೆ ಲೈಸೆನ್ಸ್ ಕಾಯ್ದೆ ಬಂತು.

ಇನ್ನೊಂದು ಮಾತು. ಕಾರ್ಯಕ್ರಮದಲ್ಲಿ ಅನಾಥಾಶ್ರಮಕ್ಕೆ ಹೋಗಿ ಮಕ್ಕಳ ಜೊತೆ ಕೆಲ ದಿನ ಆಟ ಆಡೋದು, ಪಾಠ ಮಾಡೋದು ಅಂತ ಇದ್ರೆ ಅದನ್ನ ತೆಗೆಸಿ. ವಾರಕ್ಕೊಬ್ಬರು ಬಂದು ಪ್ರೀತಿ ತೋರಿಸಿ ಹೊರಟುಹೋಗೋದ್ರಿಂದ ಅಲ್ಲಿನ ಮಕ್ಕಳಿಗೆ ಹಾನೀನೇ ಜಾಸ್ತಿ. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲೇ ಇಂಥ ಸ್ವಯಂಸೇವಾ ಪ್ರವಾಸದ ಹಾನಿಯನ್ನ ತಡೀಬೇಕು ಅಂತ ದೇಶಗಳಿಗೆ ಹೇಳಿದೆ. ಸೇವೆ ಮಾಡ್ಲೇಬೇಕು ಅಂದ್ರೆ ಅಲ್ಲಿನ ಜನ ತಾವೇ ಕೇಳಿದ ಕೆಲಸ, ನೀವು ಹೋದ ಮೇಲೂ ಅವರೇ ಮುಂದುವರೆಸೋ ಕೆಲಸ ಆರಿಸ್ಕೊಳ್ಳಿ.

ಹಂತ 3: ಕ್ಯಾಲೆಂಡರ್ ಮತ್ತು ದುಡ್ಡು

ಹೊರಡೋ ದಿನದಿಂದ ಹಿಂದಕ್ಕೆ ಎಣಿಸಿ. ಒಂದೂವರೆ ವರ್ಷ ಇದ್ರೆ ಎಕ್ಸ್‌ಪೆಡಿಶನ್ನಿಗೆ ಆರಾಮ, ಗುಂಪು ಎಕ್ಸ್‌ಚೇಂಜಿಗೆ ಒಂದು ವರ್ಷ ಸಾಕು. ಮೊದಲ ಮೂರ್ನಾಲ್ಕು ತಿಂಗಳು ಉದ್ದೇಶ, ಪಾರ್ಟ್‌ನರ್, ಆಡಳಿತದ ಒಪ್ಪಿಗೆ, ಆಮೇಲೆ ಮಕ್ಕಳ ಆಯ್ಕೆ, ಅದಾದ ಮೇಲೆ ಪಾಸ್‌ಪೋರ್ಟ್ ಮತ್ತು ಹಣ ಹೊಂದಿಸೋದು, ಕೊನೇ ಆರು ತಿಂಗಳು ವೀಸಾ, ಲಸಿಕೆ, ಟ್ರೈನಿಂಗ್.

ಬಜೆಟ್ ಶೀಟನ್ನ ಮಕ್ಕಳೇ ಮಾಡ್ಲಿ, ಟೀಚರ್ ತಿದ್ದಲಿ. ವಿಮಾನ, ವೀಸಾ, ಇನ್ಶೂರೆನ್ಸ್, ಲಸಿಕೆ, ಒಳಗಿನ ಓಡಾಟ, ಜೊತೆಗೆ ಹೋಗೋ ಟೀಚರ್‌ಗಳ ಖರ್ಚು, ತುರ್ತು ನಿಧಿ, ಮತ್ತೆ ಅವರ ಮಕ್ಕಳು ನಿಮ್ಮಲ್ಲಿಗೆ ಬಂದಾಗಿನ ಖರ್ಚು. ಈ ಕೊನೇದನ್ನ ಬಹಳ ಜನ ಲೆಕ್ಕಕ್ಕೇ ತಗೊಳ್ಳಲ್ಲ. ಕರೆನ್ಸಿ ಏರಿಳಿತಕ್ಕೆ ಅಂತ ಶೇಕಡಾ 10ರಷ್ಟು ಎತ್ತಿಡಿ. ಟೀಚರ್‌ಗಳ ಸೀಟು 'ಫ್ರೀ' ಅಂತ ಕಂಪನಿ ಹೇಳಿದ್ರೆ ಅದರ ದುಡ್ಡು ಮಕ್ಕಳ ಫೀಸಲ್ಲೇ ಸೇರಿರುತ್ತೆ, ಅದನ್ನ ಪೋಷಕರಿಗೆ ಮುಚ್ಚುಮರೆ ಇಲ್ದೆ ಹೇಳಿ.

ದುಡ್ಡಿಲ್ಲದ ಮನೆ ಮಗು ಅರ್ಜೀನೇ ಹಾಕಲ್ಲ, ಇದು ನಿಜಕ್ಕೂ ನೋವಿನ ವಿಷಯ. ಅದಕ್ಕೆ ಆಯ್ಕೆ ಮೊದಲು ಆಗ್ಲಿ, ಹಣದ ಮಾತು ಆಮೇಲೆ ಬರ್ಲಿ, ಮತ್ತು ಸಹಾಯಧನ ಯಾರಿಗೆ ಸಿಕ್ತು ಅನ್ನೋದು ಇಬ್ರು ದೊಡ್ಡೋರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗ್ಬಾರ್ದು. ಹಣ ಸಂಗ್ರಹ ಮಾಡಿದ್ರೆ ತಂಡದ ಹೆಸರಲ್ಲೇ ಮಾಡಿ ಸಮನಾಗಿ ಹಂಚಿ. ಆಯ್ಕೆಗೂ ಮಾರ್ಕ್ಸ್ ಒಂದೇ ಅಳತೆ ಆಗ್ಬಾರ್ದು. ಒಂದು ದಿನ ಗುಂಪಲ್ಲಿ ಕೆಲಸ ಕೊಟ್ಟು ನೋಡಿ, ತನ್ನ ಕೆಲಸ ಮುಗಿದ ಮೇಲೆ ಪಕ್ಕದವರಿಗೆ ಕೈ ಜೋಡಿಸೋ ಮಗು ಎದ್ದು ಕಾಣುತ್ತೆ.

ಹಂತ 4: ಕಾಗದ ಪತ್ರ

ಪಾಸ್‌ಪೋರ್ಟ್ ಪ್ರಯಾಣದ ನಂತರವೂ 6 ತಿಂಗಳು ಚಾಲ್ತಿಯಲ್ಲಿರ್ಬೇಕು ಅಂತ ಬಹಳ ದೇಶ ಕೇಳ್ತವೆ. ಗುಂಪಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಇರೋ ಮಕ್ಕಳಿದ್ರೆ ಅವರ ವೀಸಾ ನಿಯಮಾನೂ ಬೇರೆ ಆಗುತ್ತೆ, ಇದನ್ನ ಮೊದಲ ವಾರದಲ್ಲೇ ಪಟ್ಟಿ ಮಾಡಿ. ಯೂರೋಪಿನ ಬಹುತೇಕ ದೇಶಗಳಿಗೆ ಒಂದೇ ಆಗಿರೋ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು, 180 ದಿನದಲ್ಲಿ 90 ದಿನ ಮಾತ್ರ ಇರ್ಬಹುದು, ಹಾಗಾಗಿ ಇಡೀ ಸೆಮಿಸ್ಟರ್ ವಿನಿಮಯಕ್ಕೆ ಆಯಾ ದೇಶದ ದೀರ್ಘಾವಧಿ ವೀಸಾನೇ ಬೇಕು. ಟಿಕೆಟ್ಟಲ್ಲಿ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಲಿ. ಅಪ್ಪ ಅಮ್ಮ ಇಬ್ರ ಸಹಿ ಇರೋ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಪ್ರತಿ ಮಗುವಿಗೂ ಇರ್ಬೇಕು. ಪೋಷಕರು ಬೇರೆಯಾಗಿದ್ರೆ ಪಾಲನೆ ಹಕ್ಕಿನ ಕಾಗದ ಕೂಡ.

ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೊಂಡು 10 ದಿನ ಆದ ಮೇಲೆ ಅದರ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತೆ, 2016ರಿಂದ ಅದು ಜೀವನಪೂರ್ತಿಗೆ ಸಾಕು. ರೇಬಿಸ್‌ಗೆ ಮುಂಚಿತ ಲಸಿಕೆ ಬೇಕಾ ಅಂತ ಡಾಕ್ಟರ್ ಹತ್ರ ಕೇಳಿ, ಆಸ್ಪತ್ರೆ ದೂರ ಇರೋ ಕಡೆ ಎಕ್ಸ್‌ಪೆಡಿಶನ್ ಆದ್ರೆ ಖಂಡಿತ ಕೇಳಿ. ಮಾತ್ರೆಗಳ ವಿಷಯ ಹಗುರ ಮಾಡ್ಬೇಡಿ. ಉದಾಹರಣೆಗೆ ಜಪಾನಿಗೆ ಆಂಫೆಟಮಿನ್ ಇರೋ ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಔಷಧಿ ಡಾಕ್ಟರ್ ಚೀಟಿ ಇದ್ರೂ ತಗೊಂಡು ಹೋಗಂಗಿಲ್ಲ. ಅಲರ್ಜಿಗೆ ಅಡ್ರಿನಲಿನ್ ಇಂಜೆಕ್ಟರ್ ಬೇಕಾಗೋ ಮಗು ಇದ್ರೆ ಎರಡು ಇರ್ಲಿ, ಜೊತೇಲಿರೋ ದೊಡ್ಡೋರಿಗೆ ಅದನ್ನ ಬಳಸೋಕೆ ಬರ್ಲಿ.

ಹಂತ 5: ಹೋಸ್ಟ್ ಮನೆ

ಎಕ್ಸ್‌ಚೇಂಜ್ ಚೆನ್ನಾಗಾಗೋದು, ಕೆಡೋದು ಎರಡೂ ಇಲ್ಲೇ. ಅಮೆರಿಕದ ಜೆ-1 ನಿಯಮಗಳನ್ನ ನೀವು ಬೇರೆ ಯಾವ ದೇಶಕ್ಕೆ ಕಳಿಸಿದ್ರೂ ಮಾದರಿಯಾಗಿ ಇಟ್ಕೊಳ್ಬಹುದು: ಮನೇಲಿರೋ 18 ದಾಟಿದ ಪ್ರತಿಯೊಬ್ಬರ ಅಪರಾಧ ಹಿನ್ನೆಲೆ ಪರಿಶೀಲನೆ, ಮನೆಗೇ ಹೋಗಿ ಸಂದರ್ಶನ, ಮಗುವಿಗೆ ಅದರದ್ದೇ ಹಾಸಿಗೆ, ಸಂಸ್ಥೆಯ ಪ್ರತಿನಿಧಿ ತಿಂಗಳಿಗೊಮ್ಮೆಯಾದ್ರೂ ಮಗುವನ್ನ ಮಾತಾಡಿಸೋದು. ಇದರ ಜೊತೆ ನಾನು ಸೇರಿಸೋದು ಒಂದು: ಹೋಸ್ಟ್ ಮನೆಯವರಲ್ಲದ, ಅದೇ ಊರಲ್ಲಿರೋ ದೊಡ್ಡೋರೊಬ್ಬರ ಫೋನ್ ನಂಬರ್ ಮಗುವಿಗೆ ಬಾಯಿಪಾಠ ಆಗಿರ್ಬೇಕು. ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ಕಾರಣ ವಿವರಿಸೋ ಅಗತ್ಯಾನೇ ಇಲ್ಲ, "ನಂಗೆ ಇಲ್ಲಿಂದ ಹೋಗ್ಬೇಕು" ಅಂದ್ರೆ ಸಾಕು, ಅವತ್ತೇ ಮನೆ ಬದಲಾಗುತ್ತೆ. ಈ ಭರವಸೆಯನ್ನ ಮಗುವಿಗೆ ಮುಖ ನೋಡಿ ಹೇಳಿ, ಆಮೇಲೆ ಅದರಂತೆ ನಡ್ಕೊಳ್ಳಿ.

ಮೊದಲ ಸಂಜೆ ಹೇಗಿರುತ್ತೆ ಅಂತ ಸ್ವಲ್ಪ ಕಣ್ಮುಂದೆ ತಂದ್ಕೊಳ್ಳಿ. ಮಗು ಬ್ಯಾಗ್ ಇಟ್ಟು ಮಂಚದ ಅಂಚಲ್ಲಿ ಕೂತಿದೆ. ರೂಮಿನ ಬಾಗಿಲು ಹಾಕ್ಕೊಂಡ್ರೆ ಬೇಜಾರ್ ಮಾಡ್ಕೊಳ್ತಾರಾ, ತೆಗೆದಿಟ್ರೆ ಏನಂತಾರೆ ಗೊತ್ತಿಲ್ಲ. ಬಿಸಿನೀರು ಯಾವ ಕಡೆ ತಿರುಗಿಸಿದ್ರೆ ಬರುತ್ತೆ ಗೊತ್ತಿಲ್ಲ. ಬಾಯಾರಿಕೆ ಆಗ್ತಿದೆ, ಅಡುಗೆಮನೆಗೆ ಹೋಗಿ ತಾನೇ ಲೋಟ ತಗೋಬಹುದಾ ಗೊತ್ತಿಲ್ಲ. ಕೇಳೋಕೆ ನಾಚಿಕೆ. ಹಂಗೇ ಮಲಗಿಬಿಡುತ್ತೆ, ಮನೆಯವರು "ಪಾಪ ಸುಸ್ತಾಗಿದೆ" ಅಂದ್ಕೊಳ್ತಾರೆ, ಬೆಳಿಗ್ಗೆ ಇಬ್ರಿಗೂ ಒಂದು ಅಂತರ ಬಂದಿರುತ್ತೆ.

ಇದಕ್ಕೇ ರೋಟರಿ ಎಕ್ಸ್‌ಚೇಂಜ್ ವಲಯದಲ್ಲಿ 'ಮೊದಲ ರಾತ್ರಿಯ ಪ್ರಶ್ನೆಗಳು' ಅನ್ನೋ ಪಟ್ಟಿ ಬಳಸ್ತಾರೆ, ನನ್ನ ಪ್ರಕಾರ ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ. ಮಗು ಮತ್ತು ಮನೆಯವರು ಅವತ್ತೇ ಕೂತು ಒಂದೊಂದಾಗಿ ಮಾತಾಡೋದು. ನಿಮ್ಮನ್ನ ಏನಂತ ಕರೀಲಿ? ಹಾಸಿಗೆ ಸರಿ ಮಾಡೋದು ಬಿಟ್ಟು ದಿನಾ ನಾನು ಯಾವ ಕೆಲಸ ಮಾಡ್ಬೇಕು? ಕೊಳೆ ಬಟ್ಟೆ ಎಲ್ಲಿ ಹಾಕ್ಲಿ, ಒಳಉಡುಪು ನಾನೇ ಒಗೀಲಾ? ಬೆಳಿಗ್ಗೆ ಬಚ್ಚಲು ಯಾವ ಹೊತ್ತಿಗೆ ಖಾಲಿ ಇರುತ್ತೆ? ಹಸಿವಾದ್ರೆ ಫ್ರಿಜ್ ತೆಗೀಬಹುದಾ? ರಾತ್ರಿ ಎಷ್ಟೊತ್ತಿಗೆ ಮನೇಲಿರ್ಬೇಕು? ವೈಫೈ, ಬೀಗದ ಕೈ, ಫ್ರೆಂಡ್ಸ್ ಮನೆಗೆ ಬರ್ಬಹುದಾ? ಈ ಪಟ್ಟೀನ ನಿಮ್ಮ ಮಕ್ಕಳ ಕೈಲೇ ಬರೆಸಿ, ಆ ಕಡೆ ಭಾಷೆಗೂ ಅನುವಾದ ಮಾಡ್ಸಿ, ಇಂಗ್ಲಿಷೂ ಸಾಲದ ಮನೆಗಳಲ್ಲಿ ಪ್ರಿಂಟೌಟ್ ತುಂಬಾ ಕೈಹಿಡಿಯುತ್ತೆ.

ಮನೆ ನೆನಪು ಬರೋದು ಸಹಜ. ಮೊದಲ ಕೆಲ ದಿನ ಬೆರಗು, ಆಮೇಲೆ ಒಂದು ಕುಸಿತ, ಅದೂ ಸಂಜೆ ಹೊತ್ತಲ್ಲಿ ಮತ್ತು ಹಬ್ಬದ ದಿನಗಳಲ್ಲಿ ಜೋರು. ಪೋಷಕರು ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡಿದ್ರೆ ಅದು ವಾಸಿ ಆಗಲ್ಲ, ಇನ್ನಷ್ಟು ಎಳೆಯುತ್ತೆ. ಮುಂಚೇನೇ ಮಾತಾಡ್ಕೊಂಡು ವಾರಕ್ಕೆ ಒಂದೋ ಎರಡೋ ಕಾಲ್ ಅಂತ ದಿನ ಗೊತ್ತು ಮಾಡ್ಕೊಳ್ಳಿ, ತುರ್ತು ಇದ್ರೆ ಯಾವಾಗ್ಲಾದ್ರೂ ಸರಿ.

ಹಂತ 6: ಎಕ್ಸ್‌ಪೆಡಿಶನ್ ತಯಾರಿ

ಪ್ರ್ಯಾಕ್ಟೀಸ್ ಇಲ್ದೆ ಹೊರಡೋ ಹಾಗೇ ಇಲ್ಲ. ಡ್ಯೂಕ್ ಆಫ್ ಎಡಿನ್‌ಬರ ಅವಾರ್ಡಲ್ಲಿ ಅಸಲಿ ಎಕ್ಸ್‌ಪೆಡಿಶನ್ನಿಗೆ ಮುಂಚೆ ಅಭ್ಯಾಸದ ಎಕ್ಸ್‌ಪೆಡಿಶನ್ ಇರುತ್ತೆ, ತಂಡದಲ್ಲಿ 4ರಿಂದ 7 ಜನ, ಅದರ ಮೂರು ಹಂತಗಳಲ್ಲಿ ಬ್ರಾಂಜ್‌ಗೆ 2 ದಿನ 1 ರಾತ್ರಿ, ಸಿಲ್ವರ್‌ಗೆ 3 ದಿನ 2 ರಾತ್ರಿ, ಗೋಲ್ಡ್‌ಗೆ 4 ದಿನ 3 ರಾತ್ರಿ. ಈ ಮೆಟ್ಟಿಲು ಕ್ರಮಾನೇ ನೀವೂ ಇಟ್ಕೊಳ್ಳಿ. ಮಳೇಲಿ ಟೆಂಟ್ ಹಾಕೋದು, ಗಾಳೀಲಿ ಸ್ಟೋವ್ ಹಚ್ಚೋದು, ಫೋನ್ ಇಲ್ದೆ ಮ್ಯಾಪು ದಿಕ್ಸೂಚಿ ಓದೋದು, ಇದನ್ನ ಮನೆ ಹತ್ರದ ಜಾಗದಲ್ಲೇ ಕಲೀಲಿ.

ಬ್ಯಾಗ್ ತೂಕ ದೇಹದ ತೂಕದ ಕಾಲು ಭಾಗ ದಾಟ್ಬಾರ್ದು, 48 ಕೆಜಿ ಮಗುವಿಗೆ 12 ಕೆಜಿ ಮೇಲ್ಮಿತಿ. ಹೊರಡೋ ಮುಂಚೆ ಎಲ್ರ ಬ್ಯಾಗೂ ನೆಲದ ಮೇಲೆ ಸುರಿಸಿ. ಮೂರು ಶಾಂಪೂ ಬಾಟಲಿ, ಪೂರ್ತಿ ಹೇರ್‌ಡ್ರೈಯರ್, ಹೊಸಾ ಬೂಟು ಡಬ್ಬಿ ಸಮೇತ, ಎಲ್ಲಾ ಈಚೆ ಬರುತ್ತೆ. ಹೊಸಾ ಬೂಟಂತೂ ಬೇಡ್ವೇ ಬೇಡ, ವಾರಗಟ್ಟಲೆ ಹಾಕ್ಕೊಂಡು ಓಡಾಡಿದ ಬೂಟಲ್ಲೇ ನಡೀಬೇಕು, ಇಲ್ಲಾಂದ್ರೆ ಬೊಬ್ಬೆ ಬಂದು ಇಡೀ ತಂಡ ನಿಲ್ಲುತ್ತೆ.

ಎತ್ತರದ ಜಾಗ ಆದ್ರೆ 2,500 ಮೀಟರ್ ಮೇಲೆ ಎತ್ತರದ ಕಾಯಿಲೆ (ಆಲ್ಟಿಟ್ಯೂಡ್ ಸಿಕ್‌ನೆಸ್) ಬಗ್ಗೆ ಎಚ್ಚರ. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರವನ್ನ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸ್ಬೇಡಿ, ಮೂರ್ನಾಲ್ಕು ದಿನಕ್ಕೊಂದು ವಿಶ್ರಾಂತಿ ದಿನ. ಫಿಟ್ ಆಗಿರೋ ಮಗುವಿಗೆ ಈ ಕಾಯಿಲೆ ಬರಲ್ಲ ಅನ್ನೋದು ಶುದ್ಧ ತಪ್ಪು ತಿಳುವಳಿಕೆ, ಓಟಗಾರರಿಗೂ ಬರುತ್ತೆ, ಅವರೇ ಹೇಳದೆ ಮುಚ್ಚಿಡೋದು ಜಾಸ್ತಿ. ತಲೆನೋವು, ವಾಕರಿಕೆ ಬಂದ್ರೆ ಅಲ್ಲೇ ನಿಲ್ಲಿ. ನಡಿಗೆ ತೂರಾಡಿದ್ರೆ, ಮಾತು ತೊದಲಿದ್ರೆ, ಸುಮ್ನೆ ಕೂತಾಗ್ಲೂ ಏದುಸಿರು ಬಂದ್ರೆ ರಾತ್ರಿ ಆಗಿದ್ರೂ ತಕ್ಷಣ ಕೆಳಗಿಳಿಸ್ಬೇಕು. ಹಾಗಾಗಿ "ನಂಗೆ ತಲೆನೋವು" ಅಂತ ಮೊದಲು ಹೇಳಿದ ಮಗುವನ್ನ ಎಲ್ರ ಮುಂದೆ ಮೆಚ್ಕೊಳ್ಳಿ, ಉಳಿದೋರೂ ಬಾಯಿ ಬಿಡ್ತಾರೆ.

ನೀರು ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರ್ ಮೇಲಿದ್ರೆ 3 ನಿಮಿಷ ಕುದಿಸಿ. ಕ್ಲೋರಿನ್ ಮಾತ್ರೆ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿಯನ್ನ ಕೊಲ್ಲುತ್ತೆ ಅಂತ ನಂಬೋ ಹಾಗಿಲ್ಲ, ಅದಕ್ಕೆ ಫಿಲ್ಟರ್ ಜೊತೇಲಿರ್ಲಿ. ಸೋಪಿಂದ ಕೈ ತೊಳ್ಯೋದಕ್ಕೆ ದಿನಾ ಒಬ್ಬ ವಿದ್ಯಾರ್ಥಿಯನ್ನ ಜವಾಬ್ದಾರಿ ಮಾಡಿ.

ಉಪಕರಣ ಪರೀಕ್ಷೆ ಬಗ್ಗೆ ಒಂದು ಘಟನೆ ಹೇಳ್ಲೇಬೇಕು. 2011ರ ಆಗಸ್ಟಲ್ಲಿ ನಾರ್ವೆಗೆ ಸೇರಿದ ಆರ್ಕ್‌ಟಿಕ್ ದ್ವೀಪಸಮೂಹ ಸ್ವಾಲ್ಬಾರ್ಡಲ್ಲಿ ವಿದ್ಯಾರ್ಥಿಗಳ ಎಕ್ಸ್‌ಪೆಡಿಶನ್ ಕ್ಯಾಂಪಿಗೆ ಹಿಮಕರಡಿ ನುಗ್ಗಿ 17ರ ಹುಡುಗ ಸತ್ತ, 4 ಜನಕ್ಕೆ ಗಾಯ ಆಯ್ತು. ಟೆಂಟ್ ಸುತ್ತ ಹಾಕಿದ್ದ ಎಚ್ಚರಿಕೆ ತಂತಿ ಕೆಲಸ ಮಾಡ್ಲಿಲ್ಲ, ಅದರ ಸೆಟ್ಟಲ್ಲಿ ಕೆಲವು ಭಾಗಗಳೇ ಇರ್ಲಿಲ್ಲ, ರೈಫಲ್ಲಿಂದಲೂ ಮೊದಲ ಪ್ರಯತ್ನಗಳಲ್ಲಿ ಗುಂಡು ಹಾರಲಿಲ್ಲ. ನೀವು ಕರಡಿ ಇರೋ ಕಡೆ ಹೋಗದೇ ಇರ್ಬಹುದು, ಆದ್ರೆ ಸ್ಯಾಟಲೈಟ್ ಫೋನು, ಹಗ್ಗ, ಲೈಫ್ ಜಾಕೆಟ್, ಫಸ್ಟ್ ಏಡ್ ಪೆಟ್ಟಿಗೆ ಎಲ್ಲಾನೂ ಹೊರಡೋ ಮುಂಚೆ ಬಿಚ್ಚಿ, ಬಳಸಿ ನೋಡ್ಲೇಬೇಕು.

ಇಷ್ಟೆಲ್ಲಾ ಹೇಳಿದ್ರೂ ನಂಗೆ ಜಾಸ್ತಿ ಭಯ ರಸ್ತೆದು. 5ರಿಂದ 29ರ ವಯಸ್ಸಿನವರಲ್ಲಿ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ರಾತ್ರಿ ಪ್ರಯಾಣ ಬೇಡ, ಸೀಟ್ ಬೆಲ್ಟ್ ಇಲ್ಲದ ಗಾಡಿ ಬೇಡ, ಡ್ರೈವರ್ ದಣಿದಿದ್ರೆ ಹೊರಡೋದೇ ಬೇಡ, ಕಾರ್ಯಕ್ರಮ ಒಂದು ದಿನ ಹಾಳಾದ್ರೂ ಪರವಾಗಿಲ್ಲ.

ಹಂತ 7: ಇನ್ಶೂರೆನ್ಸ್ ಮತ್ತು ತುರ್ತು ಪ್ಲಾನ್

ಪಾಲಿಸೀಲಿ ನೀವು ಮಾಡೋ ಚಟುವಟಿಕೆ ಹೆಸರು ಹಿಡಿದು ಇದೆಯಾ, ಎತ್ತರದ ಮಿತಿ ಎಷ್ಟು, ಹೆಲಿಕಾಪ್ಟರ್ ರಕ್ಷಣೆ, ಸ್ವದೇಶಕ್ಕೆ ಕರ್ಕೊಂಡು ಬರೋ ಖರ್ಚು, ಮುಂಚಿನಿಂದ ಇರೋ ಕಾಯಿಲೆ, ಇವಿಷ್ಟೂ ಓದಿ. ಮನೆ ಕಡೆ ದಿನದ 24 ಗಂಟೇನೂ ಫೋನ್ ಎತ್ತೋ ಇಬ್ರು ಇರ್ಲಿ. ಜೊತೆಗೆ ಹೋದ ಒಬ್ಬ ಟೀಚರ್ ಗಾಯಗೊಂಡ ಮಗುವಿನ ಜೊತೆ ಆಸ್ಪತ್ರೇಲಿ ಉಳಿದ್ರೆ ಉಳಿದ ಮಕ್ಕಳನ್ನ ಯಾರು ನೋಡ್ಕೊಳ್ತಾರೆ? ಇದಕ್ಕೆ ಉತ್ತರ ಇಲ್ದಿದ್ರೆ ದೊಡ್ಡೋರ ಸಂಖ್ಯೆ ಸಾಲದು ಅಂತ ಅರ್ಥ. ಪ್ರತಿ ಮಗುವಿನ ಜೇಬಲ್ಲೂ ಸ್ಥಳೀಯ ಭಾಷೇಲಿ ವಿಳಾಸ, ಅಲರ್ಜಿ, ನಂಬರ್ ಇರೋ ಕಾರ್ಡ್. ಯೂರೋಪಿಯನ್ ಯೂನಿಯನ್ ದೇಶಗಳಲ್ಲಿ ತುರ್ತು ನಂಬರ್ 112, ಬೇರೆ ಕಡೆದು ನೋಡಿ ಬರ್ಕೊಳ್ಳಿ.

ಹಂತ 8: ಅಲ್ಲಿದ್ದಾಗ

ದಿನಕ್ಕೊಬ್ಬ ವಿದ್ಯಾರ್ಥಿ ಲೀಡರ್ ಆಗ್ಲಿ, ಬಸ್ ಟೈಮು, ಖರ್ಚಿನ ಲೆಕ್ಕ, ತಲೆ ಎಣಿಕೆ ಎಲ್ಲಾ ಅವತ್ತು ಅವರದ್ದೇ. ಅಪಾಯ ಇಲ್ಲದ ಕಡೆ ದಾರಿ ತಪ್ಪೋಕೂ ಬಿಡಿ, ಟೀಚರ್ ಆದೋರು ಮಕ್ಕಳ ಹಿಂದೆ ನಡೀತಾ ಇರ್ಲಿ. ರಾತ್ರಿ 15 ನಿಮಿಷ ಎಲ್ರೂ ವೃತ್ತದಲ್ಲಿ ಕೂತು ಇವತ್ತು ಏನು ಕಷ್ಟ ಆಯ್ತು, ಯಾರು ಸಹಾಯ ಮಾಡಿದ್ರು ಅಂತ ಮಾತಾಡ್ಲಿ, ಸುಮ್ನಿರೋ ಮಗು ಸುಮ್ನಿರ್ಲಿ, ಆದ್ರೆ ಅದರ ಜೊತೆ ಆಮೇಲೆ ಒಂಟಿಯಾಗಿ ಮಾತಾಡಿ.

ಹಂತ 9: ವಾಪಸ್ ಬಂದ ಮೇಲೆ

ದೀರ್ಘ ಎಕ್ಸ್‌ಚೇಂಜಿಂದ ಬಂದ ಮಗುವಿಗೆ ಮನೆಯೇ ಕೆಲ ದಿನ ಹೊಸಾ ಜಾಗ ಅನ್ಸುತ್ತೆ, ಫ್ರೆಂಡ್ಸ್ ಎರಡು ದಿನ ಕಥೆ ಕೇಳಿ ಆಮೇಲೆ ಬೋರ್ ಅಂತಾರೆ. ಅದಕ್ಕೆ ಒಂದು ತಿಂಗಳೊಳಗೆ ಆ ತಂಡ ಮತ್ತೆ ಸೇರ್ಲಿ, ಮುಂಚೆ ಹೋಗಿಬಂದ ಹಿರಿಯರನ್ನೂ ಕರೀರಿ. ಹೋಸ್ಟ್ ಮನೆಯವರಿಗೆ ಕೈಬರಹದ ಪತ್ರ ಮೊದಲ ವಾರದಲ್ಲೇ ಹೋಗ್ಲಿ. ಖರ್ಚಿನ ಪೂರ್ತಿ ಲೆಕ್ಕ ಪೋಷಕರಿಗೆ ಕೊಡಿ, ಉಳಿದ ದುಡ್ಡು ವಾಪಸ್ ಮಾಡಿ. ಸಣ್ಣಪುಟ್ಟ ಅವಘಡ, ಅಪಘಾತ ಆಗ್ತಾ ತಪ್ಪಿದ ಸಂದರ್ಭ ಎಲ್ಲಾ ಬರೆದಿಡಿ. ಹೋಗಿಬಂದ ಮಕ್ಕಳೇ ಮುಂದಿನ ಬ್ಯಾಚಿಗೆ ಬ್ಯಾಗ್ ಸುರಿಸೋದು, ಪ್ರಶ್ನೆ ಪಟ್ಟಿ ತಿದ್ದೋದು ಮಾಡ್ಲಿ. ಆಮೇಲೆ ಆ ಕಡೆ ಮಕ್ಕಳು ನಿಮ್ಮಲ್ಲಿಗೆ ಬರೋ ತಾರೀಖು ಹತ್ರ ಬರ್ತಿರುತ್ತೆ, ಅವರಿಗೆ ಮನೆಗಳನ್ನ ಹುಡುಕೋ ಕೆಲಸ ಆ ವಾರದಿಂದಲೇ ಶುರು ಮಾಡಿ.